ಹೆಬ್ಬೆರಳು ಮೆಟ್ಟಿಲು ಹತ್ತಿದ್ದು

"ಒಂದು ಹೆಬ್ಬೆರಳಲ್ಲಿ ಎಷ್ಟು ಮನೆಗಳ ಮರ್ಯಾದೆ ಹಿಡಿಸುತ್ತೆ?"

ಯಾಗೋಶ್ ಈ ಪ್ರಶ್ನೆ ಕೇಳಿದ್ದು ಯಾರನ್ನೂ ಅಲ್ಲ. ಅವನೆದುರಿಗೆ ಒಂದು ಪ್ಲಮ್ ಮರವಿತ್ತು, ಮರದ ಬುಡದಲ್ಲಿ ಒಂದು ಬಕೆಟ್ ಇತ್ತು. ಎರಡೂ ಉತ್ತರ ಕೊಡಲಿಲ್ಲ. ಬೇಲಿಯ ಈಚೆ ನಾನಿದ್ದೆ ನಿಜ, ಆದರೆ ನಾನಿರುವುದನ್ನು ನಮ್ಮ ಗ್ರಾಬೊವಿಕ್‌ನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಾನುವಾರ ಚರ್ಚಿನಲ್ಲಿ ಕೀರ್ತನೆ ಓದುವುದಷ್ಟೇ ನನ್ನ ಮಾತು. ಉಳಿದ ದಿನ ಕೇಳುವುದೇ ಕೆಲಸ.

ಹೆಬ್ಬೆರಳು ಅವನದಲ್ಲ, ಅವನ ಮಗಳು ಇಕೊನಿಯಳದು. ಬೇಲಿ ಹತ್ತಿ ಜಾರುವಾಗ ಮರದ ಸಿಬಿರೊಂದು ಹುಡುಗಿಯ ಉಗುರಿನ ಪಕ್ಕಕ್ಕೆ ಚುಚ್ಚಿತ್ತು. ಸಿಬಿರು ಹೊರಗೆ ಬಂತು, ಅದರ ಕೊಳೆ ಒಳಗುಳಿಯಿತು. ಬೆರಳು ಕೆಂಪಾಯಿತು, ಆಮೇಲೆ ಊದಿತು, ಆಮೇಲೆ ಉಗುರಿನ ಅಂಚಿನಲ್ಲಿ ಜೋಳದ ಕಾಳಿನಷ್ಟು ಹಳದಿ ಕಟ್ಟಿಕೊಂಡಿತು. ಉಗುರುಸುತ್ತು. ಬೇಲಿಗಳೂ ಮಕ್ಕಳೂ ಇರುವ ಕಡೆ ಇದ್ದೇ ಇರುವ ಕಾಯಿಲೆ. ಅದಕ್ಕೆ ಬೇಕಾದದ್ದು ಒಬ್ಬ ಡಾಕ್ಟರು, ಒಂದು ಚೂಪಾದ ಮೊನೆ, ಒಂದಿಷ್ಟು ಅಳು. ಆದರೆ ಬೆರಳು ಹುಟ್ಟಿದ ಮನೆಯ ಯಜಮಾನ ಯಾಗೋಶ್. ಅವನು ಬಹಳ ಒಳ್ಳೆಯ ಮನುಷ್ಯ. ಕೆಟ್ಟದ್ದನ್ನು ಮಾಡಲು ಅವನಿಗೆ ಬರುವುದಿಲ್ಲ. ಸುಲಭವಾದದ್ದನ್ನು ಮಾಡಲೂ ಬರುವುದಿಲ್ಲ.

ಅವನ ಹೆಂಡತಿ ರೊಸಾಂದ ಬಾಗಿಲಿಗೆ ಬಂದಳು.

"ಇನ್ನೂ ಇಲ್ಲೇ ನಿಂತಿದ್ದೀಯಾ? ಸೇತುವೆ ದಾಟಿದ್ರೆ ಆರೋಗ್ಯ ಕೇಂದ್ರ. ವಿದೊಸಾವ ಡಾಕ್ಟ್ರು ಕೂತಿರ್ತಾರೆ. ಹೋಗು, ತೋರಿಸು, ಬಾ."

"ಅಷ್ಟು ಸುಲಭ ಆಗಿದ್ರೆ ನಾನ್ಯಾಕೆ ಇಲ್ಲಿ ನಿಂತಿರ್ತಿದ್ದೆ?"

"ನೀನು ನಿಂತ್ಕೊಳ್ಳೋಕೆ ಕಷ್ಟಾನೇ ಬರಬೇಕು ಅಂತೇನಿಲ್ಲ."

"ರೊಸಾಂದ, ನಮಗೆ ಕುಮ್ ಇದ್ದಾನೆ."

ರೊಸಾಂದ ಬಾಗಿಲ ಚೌಕಟ್ಟಿಗೆ ಹಣೆ ಆನಿಸಿದಳು. ಕುಮ್ ಎಂದರೆ ಜ್ಞಾನಸ್ನಾನದ ದಿನ ಮಗುವನ್ನು ತೋಳಲ್ಲಿ ಹಿಡಿದು ಅದರ ಪರವಾಗಿ ದೇವರಿಗೆ ಮಾತು ಕೊಟ್ಟವನು. ಅಂದಿನಿಂದ ಅವನೂ ಮಗುವಿನ ಅಪ್ಪನೂ ಒಬ್ಬರನ್ನೊಬ್ಬರು ಕುಮ್ ಎಂದೇ ಕರೆಯುತ್ತಾರೆ. ನಮ್ಮ ಬೆಟ್ಟದ ಸೀಮೆಯಲ್ಲಿ ಅಣ್ಣತಮ್ಮಂದಿರು ಜಗಳವಾಡಿ ಕೋರ್ಟಿಗೆ ಹೋಗಬಹುದು, ಹೋಗುತ್ತಲೂ ಇರುತ್ತಾರೆ. ಕುಮ್ ಮುನಿಸಿಕೊಂಡರೆ ಮಾತ್ರ ಆ ಮನೆಯ ಮೇಲಿನ ಆಕಾಶ ತುಸು ಕೆಳಗಿಳಿಯುತ್ತದೆ. ಇಕೊನಿಯಳ ಕುಮ್ ತಾದಿಯ. ಡಾಕ್ಟರು. ಕೆಳಗೆ ಸಮುದ್ರದ ದಡದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ಗುರುವಾರ ಮಾತ್ರ ನಮ್ಮ ಆರೋಗ್ಯ ಕೇಂದ್ರದ ಮೇಲಿನ ಮಹಡಿಯಲ್ಲಿ ಕೂರುತ್ತಿದ್ದ.

"ಕುಮ್ ಮನಸ್ಸಿನ ಡಾಕ್ಟ್ರು, ಯಾಗೋಶ್. ಇಕೊನಿಯಳ ಮನಸ್ಸಲ್ಲಿ ಕೀವು ಕಟ್ಟಿಲ್ಲ."

"ಡಾಕ್ಟ್ರು ಅಂದ್ರೆ ಡಾಕ್ಟ್ರೇ. ಮನೆಯವನೇ ಡಾಕ್ಟ್ರಾಗಿರುವಾಗ ಬೇರೆಯವರ ಬಾಗಿಲು ತಟ್ಟಿದ್ರೆ ಅವನು ಮುಖ ಎಲ್ಲಿ ಇಟ್ಕೋಬೇಕು? ಅಂಚೆಯ ಮಿಲೊಯಿತ್ಸನ ಕಥೆ ಮರೆತ್ಯಾ?"

ಅದನ್ನು ಯಾರೂ ಮರೆತಿರಲಿಲ್ಲ. ಮಿಲೊಯಿತ್ಸನ ಕುಮ್ ಹಲ್ಲಿನ ಡಾಕ್ಟರು. ಆತ ಮೀನು ಹಿಡಿಯಲು ಹೋಗಿದ್ದಾಗ ಮಿಲೊಯಿತ್ಸನಿಗೆ ಹಲ್ಲುನೋವು ಬಂತು. ತಡೆಯಲಾರದೆ ಬೇರೆ ಕಡೆ ಕೀಳಿಸಿಕೊಂಡ. ಆ ವರ್ಷ ಮನೆಯ ಸಂತನ ಹಬ್ಬಕ್ಕೆ ಕುಮ್ ಬಂದ, ಮೇಜಿನ ತಲೆಯಲ್ಲಿ ಕೂತ, ಹುರಿದ ಮಾಂಸದ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ "ನನಗೆ ಹಲ್ಲಿಲ್ಲ" ಎಂದು ಎದ್ದುಹೋದ. ಅಂದಿನಿಂದ ಮಿಲೊಯಿತ್ಸ ಕುಮ್‌ನ ಬೀದಿಗೆ ಕಾಗದ ಕೊಡುವುದನ್ನು ಬೇರೆಯವರಿಗೆ ವಹಿಸಿದ್ದಾನೆ.

ಯಾಗೋಶ್ ಬೇಲಿಯ ಬಳಿಗೆ ಬಂದ. "ಸ್ಪಾಸೊಯೆ ಮಾವ, ನೀವೇ ಹೇಳಿ. ನಾನು ಬೆರಳನ್ನ ಕುಮ್‌ಗೆ ಸುಮ್ನೆ ತೋರಿಸ್ತೀನಿ. ಅವನು ನೋಡ್ತಾನೆ, 'ಇದು ನನ್ನ ಕೆಲಸ ಅಲ್ಲ, ಕೆಳಗೆ ವಿದೊಸಾವ ಹತ್ರ ಹೋಗು' ಅಂತಾನೆ. ಆಗ ಕಳಿಸಿದ್ದು ಅವನಾಯ್ತು, ಹೋದದ್ದು ನಾನಾಯ್ತು. ಯಾರಿಗೂ ನೋವಿಲ್ಲ."

"ನನಗೆ ನೋವಿದೆ," ಎಂದಳು ಇಕೊನಿಯ, ಮೆಟ್ಟಿಲ ಮೇಲೆ ಕೂತು ಬೆರಳನ್ನು ಬಾವುಟದ ಹಾಗೆ ಮೇಲಕ್ಕೆ ಹಿಡಿದುಕೊಂಡು.

"ನಾಳೆ ಗುರುವಾರ, ಮಗಳೇ. ಒಂದು ದಿನ ತಡ್ಕೋ."

ನನ್ನ ಅಜ್ಜ ಒಂಟಿ ತಂತಿಯ ಗೂಸ್ಲೆ ಹಿಡಿದು ಹಾಡುತ್ತಿದ್ದ ಪದಗಳಲ್ಲಿ ವೀರರು ಮೈತುಂಬ ಗಾಯ ಹೊತ್ತು ಬೆಟ್ಟದ ನೆತ್ತಿಯಲ್ಲಿ ಬಿದ್ದಿರುತ್ತಾರೆ. ಕಾಡಿನ ದೇವತೆ ಬರುತ್ತಾಳೆ, ಸೊಪ್ಪು ಅರೆದು ಹಚ್ಚುತ್ತಾಳೆ, ವೀರ ಎದ್ದು ಕುದುರೆ ಹತ್ತುತ್ತಾನೆ. ಆ ದೇವತೆ ಯಾರ ಕುಮ್, ಅವಳಿಗಿಂತ ಹತ್ತಿರದ ವೈದ್ಯರು ಯಾರಾದರೂ ಇದ್ದರೇ ಎಂದು ಯಾವ ಪದದಲ್ಲೂ ಯಾರೂ ಕೇಳಿದ್ದಿಲ್ಲ. ಹಳೆಯ ಕಾಲದವರಿಗೆ ಸಾಯುವ ಅವಸರವಿತ್ತು. ಇಂಥ ಸೂಕ್ಷ್ಮ ನೋಡಲು ಪುರುಸೊತ್ತಿರಲಿಲ್ಲ.

ಯಾಗೋಶ್ ಅಲ್ಲೇ ನಿಂತು ಸಮುದ್ರದ ದಡದ ಆಸ್ಪತ್ರೆಗೆ ಫೋನು ಮಾಡಿದ. ನನಗೆ ಕೇಳಿಸಿದ್ದು ಅವನ ಕಡೆಯ ಮಾತು ಮಾತ್ರ.

"ಡಾಕ್ಟ್ರು ತಾದಿಯ ಇದ್ದಾರಾ? … ಯಾಗೋಶ್, ಗ್ರಾಬೊವಿಕ್‌ನಿಂದ. … ಇಲ್ಲಮ್ಮಾ, ಸುಮ್ನೆ ಮಾತಾಡೋಕಲ್ಲ, ತೋರಿಸ್ಬೇಕು. … ಏನು ಅಂತ ಫೋನಲ್ಲಿ ಹೇಗೆ ಹೇಳ್ಲಿ. … ನಿದ್ದೆನಾ? ನಿದ್ದೆ ಎಲ್ಲಿ ಬಂತು. ಇಡೀ ಮನೆ ಎದ್ದು ಕೂತಿರುತ್ತೆ. … ಅಳು ಇದೆ, ಹೌದು. … ಮಿಡಿಯುತ್ತೆ, ಹೊತ್ತಿಲ್ಲ ಗೊತ್ತಿಲ್ಲ. … ಹೆಂಡತಿನಾ? ಬೇರೆ ಡಾಕ್ಟ್ರ ಹತ್ರ ಹೋಗು ಅಂತಾಳೆ. … ಗೊತ್ತು ಗೊತ್ತು, ಮೇಲಿನ ಮಹಡಿ. ದೇವರು ನಿಮಗೆ ಒಳ್ಳೇದು ಮಾಡ್ಲಿ. ಎಷ್ಟು ಮೃದುವಾಗಿ ಮಾತಾಡ್ತೀರಿ ತಾಯಿ."

ಫೋನು ಕೆಳಗಿಟ್ಟು ನನ್ನ ಕಡೆ ಕಣ್ಣು ಮಿಟುಕಿಸಿದ. "ಬೆರಳು ಅಂತ ಬಾಯಿಬಿಟ್ಟಿದ್ರೆ ಆ ನರ್ಸೇ ಬೇಡ ಅಂದುಬಿಡ್ತಿದ್ಲು. ಕುಮ್ ಕಿವಿಗೆ ಹೋಗ್ತಾನೇ ಇರ್ಲಿಲ್ಲ. ತಲೆ ಉಪಯೋಗಿಸ್ಬೇಕು ಮಾವ."

ಅವನು ತಲೆ ಉಪಯೋಗಿಸಿದ ಸುದ್ದಿ ಹೊತ್ತು ನೆತ್ತಿಗೇರುವ ಮೊದಲೇ ಊರು ಮುಟ್ಟಿತು. ಆ ನರ್ಸು ಬಾಯಿ ಬಿಗಿಯಾದ ಹೆಂಗಸು; ಯಾರಿಗೂ ಏನೂ ಹೇಳಲಿಲ್ಲ, ಅಕ್ಕನಿಗೆ ಮಾತ್ರ ಹೇಳಿದಳು. ಅಕ್ಕ ದೇಸಾಂಕ ನಮ್ಮೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದಳು.

ನಾನು ಮೇಣದ ಬತ್ತಿ ತರಲು ಹೋದಾಗ ದೇಸಾಂಕ ತಕ್ಕಡಿಯನ್ನು ಬದಿಗೆ ಸರಿಸಿ ನನ್ನ ಕಡೆ ಬಾಗಿದಳು.

"ಸ್ಪಾಸೊಯೆ ಮಾವ, ನೀವು ಪಕ್ಕದ ಮನೆಯವರು. ಯಾವಾಗಿಂದ ಹೀಗೆ?"

"ಭಾನುವಾರದಿಂದ," ಎಂದೆ. "ಮಗಳ ಹೆಬ್ಬೆರಳು."

"ಹೆಬ್ಬೆರಳು ಅಂತ ಹೇಳ್ತಿದ್ದಾನಾ?" ದೇಸಾಂಕಳ ಕಣ್ಣು ತುಂಬಿಬಂತು. "ಪಾಪ. ಏನಾದ್ರೂ ಒಂದು ಹಿಡ್ಕೋಬೇಕಲ್ಲ ಮನುಷ್ಯ."

"ಅಲ್ಲಮ್ಮಾ, ಹೆಬ್ಬೆರಳೇ. ನಾನೇ ಕಣ್ಣಾರೆ ನೋಡಿದ್ದೀನಿ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಮೇಣದ ಬತ್ತಿಗಳನ್ನು ಕಾಗದದಲ್ಲಿ ಸುತ್ತಿ, ಅದರ ಮೇಲೆ ಒಂದು ಚಾಕಲೇಟು ಇಟ್ಟಳು.

"ನೀವೂ ಜಾಗ್ರತೆ ಮಾವ. ದಿನಾ ಪಕ್ಕದಲ್ಲೇ ಇರ್ತೀರಿ."

ಸತ್ಯವನ್ನು ಇದಕ್ಕಿಂತ ಸ್ಪಷ್ಟವಾಗಿ ನುಡಿಯುವ ಶಕ್ತಿ ನನ್ನಲ್ಲಿಲ್ಲ. ನಾನು ಚಾಕಲೇಟನ್ನು ಇಕೊನಿಯಳಿಗೆ ಕೊಡಲು ಹೋದೆ. ಹೋಗುವಷ್ಟರಲ್ಲಿ ಆ ಮನೆಗೆ ಜನ ಬರತೊಡಗಿದ್ದರು.

ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವಂತಿಲ್ಲ: ಒಂದು ಪೊಟ್ಟಣ ಕಾಫಿಪುಡಿ, ಒಂದು ಪೆಟ್ಟಿಗೆ ಸಕ್ಕರೆ ಅಚ್ಚು. ಅಂದು ಮಧ್ಯಾಹ್ನ ಯಾಗೋಶನ ಮೇಜಿನ ಮೇಲೆ ಕಾಫಿಯೂ ಸಕ್ಕರೆಯೂ ಗೋಡೆಯಂತೆ ಏರಿ, ಗೋಡೆಯ ಆಚೆ ಕೂತಿದ್ದ ಯಾಗೋಶನ ಹುಬ್ಬು ಮಾತ್ರ ಕಾಣುತ್ತಿತ್ತು. ಬಂದವರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಹವಾಮಾನದ ವಿಷಯ ಮಾತಾಡಿದರು. ಬ್ರೆಡ್ಡು ಕೊಯ್ಯುವ ಚಾಕು ಹೇಗೋ ಮೇಜಿನಿಂದ ಕಪಾಟಿಗೂ ಕಪಾಟಿನಿಂದ ಯಾರದೋ ಕೋಟಿನೊಳಕ್ಕೂ ಹೋಯಿತು.

ಯಾಗೋಶ್ ಕರಗಿಹೋಗಿದ್ದ. "ನೋಡಿದ್ಯಾ ರೊಸಾಂದ, ಇಷ್ಟು ಸಣ್ಣ ವಿಷಯಕ್ಕೆ ಎಷ್ಟು ಜನ."

"ನೋಡ್ತಿದ್ದೀನಿ," ಎಂದಳು ರೊಸಾಂದ. ಅವಳು ಒಲೆಯ ಬೂದಿಯಲ್ಲಿ ಈರುಳ್ಳಿ ಸುಡುತ್ತಿದ್ದಳು, ಮಗಳ ಬೆರಳಿಗೆ ಕಟ್ಟಲು. ಬಂದವರಿಗೆಲ್ಲ ಕಾಫಿ ಕಾಸಿ ಕಾಸಿ ಅವಳಿಗೆ ತಲೆಯೆತ್ತಿ ಯೋಚಿಸಲು ಬಿಡುವಿರಲಿಲ್ಲ. ಇಲ್ಲದಿದ್ದರೆ ಅವಳಿಗೆ ಅರ್ಥವಾಗುತ್ತಿತ್ತು. ಆ ಮನೆಯಲ್ಲಿ ವಿಷಯಗಳು ಅರ್ಥವಾಗುವುದು ಅವಳಿಗೇ.

ಯಾಗೋಶನ ಚಿಕ್ಕಪ್ಪ ಮಿರಾಶ್ ಬಂದ. ಬಂದವನೇ ಗೋಡೆಯ ಮೇಲಿದ್ದ ಬೇಟೆಯ ಕೋವಿಯನ್ನು ಇಳಿಸಿ ಹೆಗಲಿಗೆ ಹಾಕಿಕೊಂಡ.

"ಎಲ್ಲಿಗೆ ಚಿಕ್ಕಪ್ಪಾ?"

"ಎಣ್ಣೆ ಹಚ್ಚಿ ಕೊಡ್ತೀನಿ."

"ಹೋದ ತಿಂಗಳು ತಾನೇ ಹಚ್ಚಿದೀನಿ."

"ಕೋವಿಗೆ ಎಣ್ಣೆ ಎಷ್ಟಾದ್ರೂ ಬೇಕು." ಮಿರಾಶ್ ಕೂತು ಅವನ ಮಂಡಿಯ ಮೇಲೆ ಕೈಯಿಟ್ಟ. "ಹೇಳು ಮಗಾ. ಇದು ಒಳಗಿಂದ ಬಂದದ್ದಾ?"

"ಇಲ್ಲ, ಹೊರಗಿಂದ. ಬೇಲಿಯಿಂದ."

"ಬೇಲಿಯಿಂದ," ಎಂದು ಮಿರಾಶ್ ಉಳಿದವರ ಕಡೆ ನೋಡಿದ. ಉಳಿದವರು ನೆಲ ನೋಡಿದರು.

"ಮೊದಲು ಏನೂ ಅನ್ಸಲಿಲ್ಲ. ಆಮೇಲೆ ಒಳಗೊಳಗೇ ಬೆಳೀತು. ಈಗ ಒತ್ತಿದ್ರೆ ಹೊರಗೆ ಬರುತ್ತೆ ಅನ್ನೋ ಹಾಗಿದೆ."

"ಒತ್ತಬಾರದು," ಎಂದ ಮಿರಾಶ್. "ಯಾರೂ ಇವನನ್ನ ಒತ್ತಬಾರದು, ಕೇಳಿದ್ರಾ? ನಮ್ಮ ಮಾವನಿಗೂ ಹೀಗೇ ಆಗಿತ್ತು. ಸಮುದ್ರದ ಗಾಳಿಗೆ ಕಳಿಸಿದ್ವಿ. ಈಗ ಚೆನ್ನಾಗಿದ್ದಾನೆ, ಜೇನು ಸಾಕಿದ್ದಾನೆ."

"ಸಮುದ್ರದ ಗಾಳಿ ಇದಕ್ಕೂ ಆಗುತ್ತಾ?"

"ಇದಕ್ಕೇ ಆಗೋದು."

"ಈರುಳ್ಳಿ ಕಟ್ತಿದ್ದೀವಿ ಈಗ."

ಕೋಣೆಯಲ್ಲಿ ಯಾರೋ ಮೆಲ್ಲಗೆ ಶಿಲುಬೆಯ ಗುರುತು ಮಾಡಿಕೊಂಡರು.

ಆಮೇಲೆ ನೀರು ಸರಬರಾಜು ಕಚೇರಿಯ ಮೇಲಧಿಕಾರಿ ಬಂದರು. ಊರಿನ ನೀರು ಬಿಡುವುದು, ನಿಲ್ಲಿಸುವುದು ಯಾಗೋಶನ ಕೆಲಸ. ನೀರಿನ ತೊಟ್ಟಿಯ ಮನೆಯ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಮೇಲಧಿಕಾರಿ ನಿಂತೇ ಮಾತಾಡಿದರು.

"ಯಾಗೋಶ್, ಕೆಲಸದ ಚಿಂತೆ ಬಿಡು. ಎಷ್ಟು ದಿನ ಬೇಕೋ ಅಷ್ಟು ದಿನ ಮನೇಲಿರು. ಬೀಗದ ಕೈ ಮಾತ್ರ ಈಗ್ಲೇ ಕೊಟ್ಟುಬಿಡು."

"ಅಯ್ಯೋ ಸಾರ್, ಇದಕ್ಕೆಲ್ಲ ರಜಾ ಯಾಕೆ? ನಾಳೆ ಕುಮ್ ಹತ್ರ ಹೋಗಿ ಬಂದ್ರೆ ಮುಗೀತು."

"ಹಾಗೇ ಅನ್ಕೊಂಡಿರು. ಅದೇ ಒಳ್ಳೇದು. ಕೈ ಕೊಡು." ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ ಮೇಲೆ ಮೇಲಧಿಕಾರಿ ಉಸಿರುಬಿಟ್ಟ ರೀತಿ ನೋಡಿದರೆ, ಊರಿನ ಸಮಸ್ತ ಬಾಯಾರಿಕೆಯನ್ನು ಅವರೊಬ್ಬರೇ ಕಾಪಾಡಿದಂತಿತ್ತು.

ಕೊನೆಗೆ ಪಾದ್ರಿ ಗವ್ರಿಲೊ ಬಂದರು, ಕೊರಳಿಗೆ ಪೂಜೆಯ ಪಟ್ಟಿ ಹಾಕಿಕೊಂಡೇ. ರೋಗಿಗಳಿಗಾಗಿ ಓದುವ ಪ್ರಾರ್ಥನೆಯ ಪುಸ್ತಕ ತೆರೆದರು. ನಾನು ಪಕ್ಕದಲ್ಲಿ ನಿಂತು ಮರುನುಡಿ ಹೇಳಲು ಸಿದ್ಧನಾದೆ. ಯಾಗೋಶ್ ಮಗಳನ್ನು ಎಳೆದು ತಂದು ಅವಳ ಬೆರಳನ್ನು ಪಟ್ಟಿಯ ಕೆಳಗೆ ಹಿಡಿದ. ಪಾದ್ರಿಗಳು ಬೆರಳನ್ನು ಸರಿಸಿ ಪಟ್ಟಿಯನ್ನು ಯಾಗೋಶನ ತಲೆಯ ಮೇಲೆ ಹಾಕಿದರು. ಯಾಗೋಶ್ ತಲೆ ತೆಗೆದು ಬೆರಳಿಟ್ಟ. ಪಾದ್ರಿಗಳು ಬೆರಳು ತೆಗೆದು ತಲೆಯಿಟ್ಟರು.

"ಸ್ವಾಮಿ, ಇವಳಿಗೆ."

"ಎಲ್ಲರಿಗೂ, ಮಗು. ಮೊದಲು ನಿನಗೆ."

"ನನಗೆ ಯಾಕೆ ಸ್ವಾಮಿ?"

"ಅಪ್ಪ ಸರಿಯಾದ್ರೆ ಮನೆ ಸರಿಯಾಗುತ್ತೆ."

ಈ ಮಾತು ಎಷ್ಟು ಆಳವಾಗಿತ್ತೆಂದರೆ ಯಾಗೋಶ್ ವಾದಿಸಲಿಲ್ಲ. ನಾನು 'ಕರ್ತನೇ ಕರುಣಿಸು' ಎಂದೆ. ಯಾರಿಗೆ ಎಂದು ಸ್ಪಷ್ಟವಾಗದಿದ್ದರೂ ಕರ್ತನಿಗೆ ಗೊತ್ತಿರುತ್ತದೆ ಎಂಬ ನಂಬಿಕೆಯಿಂದ ಹೇಳಿದೆ. ಇಕೊನಿಯ ಪ್ರಾರ್ಥನೆಯುದ್ದಕ್ಕೂ ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಅವಳ ಕೆನ್ನೆ ಕೆಂಪಾಗಿತ್ತು. ಉಗುರಿನ ಅಂಚಿನ ಹಳದಿ ಈಗ ಬೆರಳ ಗೆಣ್ಣಿನ ಕಡೆ ಇಳಿಯುತ್ತಿತ್ತು. ರೊಸಾಂದ ಅದನ್ನು ನೋಡಿ ಗಂಡನಿಗೆ ಹೇಳಿದಳು: "ನಾಳೆ ಬೆಳಿಗ್ಗೆ ನಿನ್ನ ಕುಮ್ ಇದನ್ನ ನೋಡ್ಲಿ. ನೋಡಿದ ಕೂಡ್ಲೇ ಕೆಳಗಿಳಿದು ವಿದೊಸಾವಗೆ ತೋರಿಸ್ಬೇಕು. ಇಲ್ಲ ಅಂದ್ರೆ ನಾನೇ ಬಂದು ಈ ಬೆರಳನ್ನ ಎತ್ಕೊಂಡು ಹೋಗ್ತೀನಿ. ಕುಮ್ ಮುನಿಸ್ಕೊಳ್ಳಿ, ಇಡೀ ಬೆಟ್ಟ ಮುನಿಸ್ಕೊಳ್ಳಿ."

"ಆಯ್ತು," ಎಂದ ಯಾಗೋಶ್. "ಸ್ಪಾಸೊಯೆ ಮಾವ, ನೀವೂ ಬನ್ನಿ. ಕುಮ್ ತಾನೇ ಕಳಿಸಿದ ಅನ್ನೋದಕ್ಕೆ ಒಬ್ಬ ಸಾಕ್ಷಿ ಇರ್ಲಿ."

ಗುರುವಾರ ಬೆಳಿಗ್ಗೆ ನಾವು ಮೂವರೂ ಸೇತುವೆ ದಾಟಿದೆವು. ಆರೋಗ್ಯ ಕೇಂದ್ರದ ಕೆಳಗಿನ ಅಂಗಳದಲ್ಲಿ ವಿದೊಸಾವಳ ಬಾಗಿಲ ಮುಂದೆ ಜನ ಕೂತಿದ್ದರು. ಯಾಗೋಶನನ್ನು ಕಂಡೊಡನೆ ಎಲ್ಲರೂ ಎದ್ದು ದಾರಿ ಬಿಟ್ಟರು. ನಮ್ಮೂರಿನಲ್ಲಿ ಸರದಿಯಲ್ಲಿ ಕೂತವರು ಬಿಷಪ್ಪರು ಬಂದರೂ ಏಳುವವರಲ್ಲ. ಒಬ್ಬ ಮುದುಕ ತನ್ನ ಊರುಗೋಲನ್ನು ಬೆನ್ನ ಹಿಂದೆ ಅಡಗಿಸಿಕೊಂಡು, "ಧೈರ್ಯವಾಗಿ ಹೋಗಪ್ಪಾ," ಎಂದ.

ಗದ್ದಲ ಕೇಳಿ ವಿದೊಸಾವ ಹೊರಗೆ ಬಂದಳು. ಕುಳ್ಳಗಿನ, ಚುರುಕಾದ ಹೆಂಗಸು. ಊರಿನ ಅರ್ಧ ಜನರ ಹುಣ್ಣು ಹಿಂಡಿದವಳು. ಅವಳ ಕಣ್ಣು ನೇರವಾಗಿ ಇಕೊನಿಯಳ ಈರುಳ್ಳಿ ಕಟ್ಟಿದ ಕೈಗೆ ಹೋಯಿತು.

"ಅದೇನದು? ಬಿಚ್ಚು ನೋಡೋಣ."

ಯಾಗೋಶ್ ಮಗಳ ಕೈಯನ್ನು ತನ್ನ ಕೋಟಿನೊಳಗೆ ಸೇರಿಸಿಕೊಂಡ. "ಕ್ಷಮಿಸಿ ಡಾಕ್ಟ್ರೇ. ಮೊದಲು ಕುಮ್ ನೋಡ್ಬೇಕು."

"ಕೀವಿನ ವಾಸನೆ ನನಗೆ ಇಲ್ಲಿಗೇ ಬರ್ತಿದೆ, ಯಾಗೋಶ್. ಈಗ್ಲೇ ಕೂತ್ರೆ ಈಗ್ಲೇ ಮುಗಿಯೋ ಕೆಲಸ."

"ಮೇಲೆ ಹೋಗಿ ಕೆಳಗೆ ಬರ್ತೀವಿ. ಬಾಗಿಲು ಹಾಕ್ಕೋಬೇಡಿ."

"ಬೆರಳನ್ನ ಇಲ್ಲಿ ಬಿಟ್ಟು ನೀನು ಮೇಲೆ ಹೋಗು."

"ಬೆರಳಿಲ್ಲದೆ ನಾನು ಮೇಲೆ ಹೋಗಿ ಏನು ಮಾಡ್ಲಿ?"

ಅಂಗಳದಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿದೊಸಾವ ಏನೋ ಹೇಳಲು ಹೋಗಿ, ಕುಮ್ ಎಂಬ ಮಾತು ನೆನಪಾಗಿ ತಡೆದುಕೊಂಡಳು. ಅವಳಿಗೂ ಕುಮ್‌ಗಳಿದ್ದರು. ನಾವು ಮೆಟ್ಟಿಲು ಹತ್ತಿದೆವು. ಹಿಂದೆ ಇಡೀ ಅಂಗಳ ಉಸಿರು ಬಿಗಿಹಿಡಿದಿತ್ತು.

ತಾದಿಯ ಬಾಗಿಲಿಗೇ ಬಂದು ನಿಂತಿದ್ದ. ಎತ್ತರದ ಆಳು; ಮೀಸೆ ದಪ್ಪ, ದನಿ ಮಾತ್ರ ಹತ್ತಿಯಂತೆ. ಯಾಗೋಶನನ್ನು ತಬ್ಬಿ ಮೂರು ಸಲ ಮುತ್ತಿಟ್ಟ. ಕುರ್ಚಿಯಲ್ಲಿ ಕೂರಿಸಿ ತಾನೂ ಹತ್ತಿರ ಎಳೆದುಕೊಂಡು ಕೂತ.

"ಬಂದ್ಯಲ್ಲ ಕುಮ್. ಸಾಕು. ಇನ್ನೇನೂ ಅವಸರ ಇಲ್ಲ."

"ಮೊದಲೇ ಹೇಳಿಬಿಡ್ತೀನಿ ಕುಮ್. ಇದು ಬೆರಳಿನ ವಿಷಯ."

"ಸರಿ. ಬೆರಳಿಂದಲೇ ಶುರು ಮಾಡೋಣ." ತಾದಿಯ ಕಣ್ಣು ಅರೆಮುಚ್ಚಿದ. "ನಿನಗೆ ಬೆರಳು ಅಂದ್ರೆ ಏನು ನೆನಪಾಗುತ್ತೆ?"

ಯಾಗೋಶ್ ಯೋಚಿಸಿದ. "ಈರುಳ್ಳಿ," ಎಂದ.

ಇಕೊನಿಯ ಇನ್ನು ಕಾಯಲಿಲ್ಲ. ಹಲ್ಲಿನಿಂದ ಕಟ್ಟು ಬಿಚ್ಚಿ, ಈರುಳ್ಳಿ ತೆಗೆದು, ಹೆಬ್ಬೆರಳನ್ನು ಕುಮ್‌ನ ಮೇಜಿನ ಮೇಲೆ ಅವನ ಪೆನ್ನಿನ ಪಕ್ಕದಲ್ಲಿ ಇಟ್ಟಳು.

ತಾದಿಯ ಕಣ್ಣು ತೆರೆದು ನೋಡಿದ. ಯಾಗೋಶನನ್ನು ನೋಡಿದ. ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ.

"ಇದು ಬೆರಳು."

"ಅದನ್ನೇ ಹೇಳ್ತಿದ್ದೀನಲ್ಲ."

"ನಿದ್ದೆ ಇಲ್ಲದ್ದು?"

"ಇವಳು ಮಲಗೋಕೆ ಬಿಡಲ್ಲ."

"ಅಳು?"

"ಇವಳದು."

"ಮಿಡಿಯೋದು?"

"ಬೆರಳೇ."

ತಾದಿಯ ಮೀಸೆ ಸವರಿಕೊಂಡ. "ವಿದೊಸಾವಳ ಬಾಗಿಲು ದಾಟಿಕೊಂಡೇ ಬಂದ್ಯಾ?"

"ದಾಟಿಕೊಂಡೇ. ಅವರು ಕೇಳಿದ್ರು, ನಾನು ಕೊಡ್ಲಿಲ್ಲ."

"ಜನ ಇದ್ರಾ?"

"ಅಂಗಳ ತುಂಬ ಇದ್ರು."

ಈಗ ತಾದಿಯ ಮುನಿಸಿಕೊಳ್ಳಬೇಕಿತ್ತು, ಇಲ್ಲವೇ ನಗಬೇಕಿತ್ತು. ಅವನು ಎದ್ದು ಕಿಟಕಿಯ ಕಡೆ ತಿರುಗಿ ಕರವಸ್ತ್ರ ತೆಗೆದ.

"ಕುಮ್," ಎಂದ, ಬೆನ್ನು ತೋರಿಸಿಕೊಂಡೇ, "ನಾನು ಇಲ್ಲಿ ಕೂರೋಕೆ ಶುರು ಮಾಡಿ ಎಷ್ಟೋ ವರ್ಷ ಆಯ್ತು. ಈ ಊರಿನವರು ನನ್ನ ಹತ್ರ ಬರ್ತಾರೆ. ಹಿಂದಿನ ಬಾಗಿಲಿಂದ ಬರ್ತಾರೆ. ಕೊಡೆ ಅಡ್ಡ ಹಿಡ್ಕೊಂಡು ಬರ್ತಾರೆ, ಬಿಸಿಲಿದ್ರೂ. ನನ್ನ ಸ್ವಂತ ಭಾವ ಬಂದು, ಮೀನು ಸಿಗುತ್ತಾ ಅಂತ ಕೇಳೋಕೆ ಬಂದೆ ಅಂದ. ಮುಂದಿನ ಮೆಟ್ಟಿಲು ಹತ್ತಿ, ತಲೆ ಎತ್ಕೊಂಡು, ಅಷ್ಟು ಜನರ ಮುಂದೆ, ನಿಜವಾದ ಡಾಕ್ಟ್ರನ್ನ ಬಿಟ್ಟು ನನ್ನ ಹತ್ರ ಬಂದವನು ನೀನೊಬ್ಬನೇ." ಅವನು ತಿರುಗಿದ. ಕಣ್ಣು ಕೆಂಪಾಗಿತ್ತು, ಮುಖ ಹೊಳೆಯುತ್ತಿತ್ತು. "ಈ ಬೆರಳನ್ನ ಇನ್ಯಾರೂ ಮುಟ್ಟೋದು ಬೇಡ. ನಾನೇ ಕತ್ತರಿಸ್ತೀನಿ."

ಕಳಿಸುತ್ತಾನೆಂದು ತಂದ ಬೆರಳನ್ನು ಕುಮ್ ಇಟ್ಟುಕೊಂಡುಬಿಟ್ಟಿದ್ದ. ಸಾಕ್ಷಿಗೆ ಬಂದ ನಾನು ಗೋಡೆಯ ಮೇಲಿದ್ದ ಸಂತನ ಚಿತ್ರವನ್ನು ನೋಡಿದೆ. ಸಂತ ಬೇರೆ ಕಡೆ ನೋಡುತ್ತಿದ್ದ.

ತಾದಿಯ ಮೆಟ್ಟಿಲ ಮೇಲಿಂದ ಕೂಗಿದ: "ವಿದೊಸಾವ, ನಿಮ್ಮ ಸಣ್ಣ ಚಾಕು, ಔಷಧಿ, ಬಟ್ಟೆ, ಎಲ್ಲ ಮೇಲೆ ತನ್ನಿ."

ವಿದೊಸಾವ ತಟ್ಟೆಯಲ್ಲಿ ಎಲ್ಲವನ್ನೂ ಇಟ್ಟುಕೊಂಡು ಬಂದು ಬಾಗಿಲಲ್ಲೇ ನಿಂತಳು. "ನಾನು ಮಾಡ್ಲಾ?"

"ನೀವು ದೀಪ ಹಿಡೀರಿ."

"ಯಾಗೋಶ್," ಎಂದಳು ವಿದೊಸಾವ, "ನೀನೇನಾದ್ರೂ ಹೇಳೋದಿದೆಯಾ?"

ಯಾಗೋಶ್ ಕುಮ್‌ನನ್ನು ನೋಡಿದ, ಚಾಕು ನೋಡಿದ, ಮಗಳನ್ನು ನೋಡಿದ. ಅವನ ಹಣೆಯಿಂದ ಬೆವರು ಇಳಿದು ಕಾಲರಿಗೆ ಸೇರಿತು. "ಕುಮ್… ಕುಮ್‌ನ ಇಷ್ಟ," ಎಂದ, ಯಾವುದೋ ಬಾವಿಯ ತಳದಿಂದ ಬಂದ ದನಿಯಲ್ಲಿ.

ತಾದಿಯ ಅಂಗಿಯ ತೋಳು ಮಡಿಸಿ ಚಾಕು ಕೈಗೆ ತೆಗೆದುಕೊಂಡ. ಪೆನ್ನು ಹಿಡಿದಂತೆ ಹಿಡಿದ. "ಕೈ ಕೊಡು ಪುಟ್ಟಿ."

ಇಕೊನಿಯ ಅವನ ಮುಖ ನೋಡಿದಳು. "ಕುಮ್, ನೀವು ಇದನ್ನ ಮೊದಲು ಮಾಡಿದ್ದೀರಾ?"

ತಾದಿಯ ಸುಳ್ಳು ಹೇಳುವವನಲ್ಲ. "ಓದೋವಾಗ ಒಂದು ಸಲ."

"ಯಾರಿಗೆ?"

"ಕಿತ್ತಳೆ ಹಣ್ಣಿಗೆ."

"ಅದು ವಾಸಿಯಾಯ್ತಾ?"

ತಾದಿಯ ಚಾಕುವನ್ನು ತಿರುಗಿಸಿ ನೋಡಿದ.

"ನನ್ನ ಬೆರಳು ಅವರಿಗೆ," ಎಂದಳು ಇಕೊನಿಯ, ವಿದೊಸಾವಳ ಕಡೆ ಗಲ್ಲ ತೋರಿಸಿ. "ನೀವು ಈ ಕೈ ಹಿಡ್ಕೊಳ್ಳಿ. ಇದು ಖಾಲಿ ಇದೆ." ಎಡಗೈಯನ್ನು ಅವನಿಗೆ ಚಾಚಿದಳು.

ತಾದಿಯ ಚಾಕುವನ್ನು ತಟ್ಟೆಯ ಮೇಲೆ ಮೆತ್ತಗೆ ಇಟ್ಟ. ಆ ಪುಟ್ಟ ಎಡಗೈಯನ್ನು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡ. ಜ್ಞಾನಸ್ನಾನದ ದಿನ ಅವಳನ್ನು ಹಿಡಿದದ್ದೂ ಅಷ್ಟೇ ಎಚ್ಚರದಿಂದಲೇ. ನಾನು ಅಂದು ಅಲ್ಲಿದ್ದೆ. "ಕುಮ್ ಹಿಡಿದ ಕೈ," ಎಂದ ಅವನು ವಿದೊಸಾವಳಿಗೆ. "ಜೋಪಾನ."

ವಿದೊಸಾವ ಕೆಲಸ ಮುಗಿಸಿದಳು. ಇಕೊನಿಯ ಒಂದು ಸಲ ಮಾತ್ರ ಕೂಗಿದಳು; ಆ ಕೂಗಿಗೆ ತಾದಿಯ ಎರಡು ಸಲ ಕೂಗಿದ. ಕೀವು ಹೋಯಿತು, ಔಷಧಿ ಬಿತ್ತು, ಬಿಳಿಯ ಬಟ್ಟೆ ಸುತ್ತಿಕೊಂಡು ಬೆರಳು ಮದುಮಗಳಂತಾಯಿತು. ವಿದೊಸಾವ ಮಾತ್ರೆ ಕೊಟ್ಟು, ನೀರು ತಾಗಿಸಬೇಡಿ, ಶನಿವಾರ ಮತ್ತೆ ಕರ್ಕೊಂಡು ಬನ್ನಿ, ಈರುಳ್ಳಿಯನ್ನ ಸಾರಿಗೆ ಹಾಕಿ ಎಂದು ಹೇಳಿ ಕೆಳಗಿಳಿದಳು.

ಯಾಗೋಶ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿದ. ಬೆರಳು ಉಳಿದಿತ್ತು, ಕುಮ್ ಉಳಿದಿದ್ದ. ಜಗತ್ತಿನಲ್ಲಿ ಅವನಿಗೆ ಇನ್ನೇನೂ ಬೇಕಿರಲಿಲ್ಲ.

"ಒಳ್ಳೆಯ ಊರು ಕುಮ್ ನಮ್ಮದು. ಒಂದು ಬೆರಳಿಗೆ ಎಷ್ಟು ಜನ ಬಂದ್ರು ಗೊತ್ತಾ. ಕಾಫಿ ತಂದ್ರು. ಸಾಹೇಬ್ರು ಮನೆಗೇ ಬಂದು ರಜಾ ಕೊಟ್ರು. ಮಿರಾಶ್ ಚಿಕ್ಕಪ್ಪ ಕೋವಿಗೆ ಎಣ್ಣೆ ಹಚ್ತೀನಿ ಅಂತ ತಗೊಂಡು ಹೋದ."

ತಾದಿಯ ಅವನನ್ನು ಮೃದುವಾಗಿ ನೋಡಿದ. ತನ್ನ ವೃತ್ತಿಯಲ್ಲಿ ಕಲಿತ ನೋಟ ಅದು. "ಕುಮ್, ಅವು ಬೆರಳಿಗೆ ತಂದವಲ್ಲ."

"ಮತ್ತೆ?"

ತಾದಿಯ ಕಿಟಕಿ ತೋರಿಸಿದ. ಯಾಗೋಶ್ ಎದ್ದು ಹೋಗಿ ಕೆಳಗೆ ನೋಡಿದ. ಕೇಂದ್ರದ ಮುಂದೆ ದೇಸಾಂಕ ಅಂಗಡಿ ಮುಚ್ಚಿ ಬಂದು ನಿಂತಿದ್ದಳು. ಮಿರಾಶ್ ಇದ್ದ. ಮೇಲಧಿಕಾರಿ ಇದ್ದರು. ಪಾದ್ರಿಗಳಿದ್ದರು. ಎಲ್ಲರೂ ಈ ಕಿಟಕಿಯನ್ನೇ ನೋಡುತ್ತಿದ್ದರು. ಯಾಗೋಶನ ಮುಖ ಕಂಡೊಡನೆ ದೇಸಾಂಕ ಕಣ್ಣೊರೆಸಿಕೊಂಡು ಕೈ ಬೀಸಿದಳು, ದೂರ ಹೊರಟ ರೈಲಿಗೆ ಬೀಸುವಂತೆ.

ಯಾಗೋಶನಿಗೆ ಒಂದೊಂದಾಗಿ ಹೊಳೆದದ್ದು ಅವನ ಹಿಂಗತ್ತಿನಲ್ಲೇ ಕಾಣಿಸಿತು. ಮೊದಲು ಅದು ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು. "ಸ್ಪಾಸೊಯೆ ಮಾವ," ಎಂದ, "ನಿಮಗೆ ಗೊತ್ತಿತ್ತಾ?"

"ನಾನು ಬೆರಳೇ ಅಂತ ಹೇಳಿದೆ," ಎಂದೆ. "ನನಗೂ ಚಾಕಲೇಟು ಕೊಟ್ರು."

ಅವನು ತಾದಿಯನ ಬಳಿ ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ಕುಮ್, ನಿನ್ನನ್ನ ಇಲ್ಲಿವರೆಗೂ ನಾನು ಏನೂ ಕೇಳಿಲ್ಲ. ಇವತ್ತು ಒಂದು ಕೇಳ್ತೀನಿ. ನನ್ನ ಜೊತೆ ಬಾಗಿಲವರೆಗೆ ಬಾ. ಅಲ್ಲಿ ನಿಂತು ಒಂದೇ ಮಾತು ಹೇಳು, ಯಾಗೋಶ್‌ಗೆ ಏನೂ ಆಗಿಲ್ಲ ಅಂತ. ನಾನು ಹೇಳಿದ್ರೆ ನಂಬಲ್ಲ. ಮಾವ ಹೇಳಿದ್ರೆ ನಂಬಲ್ಲ. ನೀನು ಹೇಳಿದ್ರೆ ನಂಬ್ತಾರೆ."

ತಾದಿಯ ನಿಟ್ಟುಸಿರಿಟ್ಟ. ಬಿಳಿಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡ.

"ಯಾಗೋಶ್, ಈ ಬಾಗಿಲ ಒಳಗೆ ಬಂದವರ ವಿಷಯ ನಾನು ಇವತ್ತಿನವರೆಗೂ ಹೊರಗೆ ಒಂದಕ್ಷರ ಹೇಳಿಲ್ಲ. ಕಾಯಿಲೆ ಇದೆ ಅಂತಲೂ ಹೇಳಿಲ್ಲ, ಇಲ್ಲ ಅಂತಲೂ ಹೇಳಿಲ್ಲ."

"ಆದ್ರೆ ನನಗೆ ಇಲ್ವಲ್ಲ."

"ಇವತ್ತು ಮೆಟ್ಟಿಲ ಮೇಲೆ ನಿಂತು ಇವನಿಗೆ ಏನೂ ಇಲ್ಲ ಅಂದ್ರೆ, ನಾಳೆ ಇನ್ನೊಬ್ಬ ಇಳಿದು ಹೋಗುವಾಗ ನಾನು ಸುಮ್ನಿದ್ದದ್ದಕ್ಕೆ ಊರು ಏನು ಅನ್ಕೊಳ್ಳುತ್ತೆ? ಆ ಕೊಡೆ ಹಿಡ್ಕೊಂಡು ಬರೋರ ಗತಿ ಏನು?"

"ನಾನು ನಿನ್ನ ಕುಮ್."

"ಅದಕ್ಕೇ," ಎಂದ ತಾದಿಯ, ಅವನ ಕಾಲರು ಸರಿಮಾಡಿ, ಬಾಗಿಲು ತೆರೆದು ಹಿಡಿದು. "ಬೇರೆ ಏನು ಬೇಕಾದ್ರೂ ಕೇಳು, ಕೊಡ್ತೀನಿ. ಇದನ್ನ ಮಾತ್ರ ಹೇಳಲ್ಲ."